ಬೋರ್ಡಿಗೆ ಬರೆದ ಕರಡು

ಸಾಹೇಬರು ಕೇಳಿದ್ದು ಹತ್ತೇ ಸಾಲು.
'ಮರಿಸ್ವಾಮಿ, ಇಪ್ಪತ್ತೆರಡು ವರ್ಷ ವಿಚಾರಣೆ ಕಿಟಕಿಯಲ್ಲಿ ಕೂತವರು ನೀವು,
ಜನ ಏನು ಕೇಳುತ್ತಾರೆ ನಿಮಗೇ ಗೊತ್ತು.
ರೋಗಿಗಳಿಗೂ ನೋಡಬಂದವರಿಗೂ ಸೇರಿ ಒಂದು ಬೋರ್ಡು.
ಸೋಮವಾರ ಪೇಂಟರ್ ಬರುತ್ತಾನೆ.'

ಭಾನುವಾರ ರಾತ್ರಿ ಕೂತೆ.
ನೋಡುವ ವೇಳೆ: ಸಂಜೆ ನಾಲ್ಕರಿಂದ ಆರು.
ಬರೆದ ಮೇಲೆ ನೆನಪಾಯಿತು,
ಸರಗೂರಿನ ಆಚೆ ಹಾಡಿಗಳಿಂದ ಬಂದವರ ಬಸ್ಸು
ಐದು ಗಂಟೆಗೇ ಸ್ಟ್ಯಾಂಡು ಬಿಡುತ್ತದೆ.
ಅವರನ್ನು ಮೂರಕ್ಕೇ ಒಳಗೆ ಬಿಡಿ ಎಂದು ಕಂಸದಲ್ಲಿ ಸೇರಿಸಿದೆ.
ಗೇಟಿನ ಸಿದ್ದಶೆಟ್ಟಿ ಈಗಲೂ ಹಾಗೇ ಬಿಡುತ್ತಾನೆ,
ಬೇರೆ ಕಡೆ ನೋಡಿಕೊಂಡು.
ಬರೆದರೆ ಅವನ ಕೆಲಸ ಹೋದೀತು.
ಹೊಡೆದುಹಾಕಿದೆ.

ಚೀಟಿ ಒಂದನೇ ಕಿಟಕಿಯಲ್ಲಿ.
ಆಧಾರ್, ರೇಷನ್ ಕಾರ್ಡು, ಎರಡರದ್ದೂ ಜೆರಾಕ್ಸು ಬೇಕು.
ಜೆರಾಕ್ಸು ಒಳಗಿಲ್ಲ, ಧನ್ವಂತರಿ ರಸ್ತೆ ದಾಟಬೇಕು.
ದಾಟುವ ಮೊದಲು ರೋಗಿಯನ್ನು ಬೆಂಚಿನ ಮೇಲೆ ಕೂರಿಸಿ,
ಪಕ್ಕದವರಿಗೆ ಒಂದು ಮಾತು ಹೇಳಿ,
ಯಾರಾದರೂ ನೋಡಿಕೊಳ್ಳುತ್ತಾರೆ.
ಸರ್ಕಾರಿ ಬೋರ್ಡಿನಲ್ಲಿ 'ಯಾರಾದರೂ' ಅಂತ ಬರೆಯಬಹುದೆ?
ಗೊತ್ತಾಗದೆ ಪ್ರಶ್ನೆಚಿಹ್ನೆ ಹಾಕಿಟ್ಟೆ.

ಬಿಸಿನೀರು ಅಡುಗೆಮನೆಯ ಹಿಂದೆ, ಬೆಳಿಗ್ಗೆ ಆರಕ್ಕೆ.
ಫ್ಲಾಸ್ಕಿನ ಮೇಲೆ ಹೆಸರಿರಲಿ.
ರಕ್ತದ ರಿಪೋರ್ಟು ಮೂರು ಗಂಟೆಗೆ.
ಮೂರು ಅಂದರೆ ನಾಲ್ಕು.
ಮೇಲಿನ ವಾರ್ಡಿಗೆ ಲಿಫ್ಟ್ ಇದೆ,
ಅದರೊಳಗೆ ಹನುಮಯ್ಯ ಇದ್ದರೆ ಮಾತ್ರ ಇದೆ.

ಹೊರಗಿನ ಊಟ ತರಬಾರದು.
ಇಲ್ಲಿ ಪೆನ್ನು ನಿಂತಿತು.
ಬನ್ನೂರಿನಿಂದ ಬಂದ ಮುದುಕ, ಹೋದ ಕಾರ್ತಿಕದಲ್ಲಿ,
ಮೂಗಿಗೆ ನಳಿಗೆ ಹಾಕಿಸಿಕೊಂಡ ಹೆಂಡತಿಗೆ
ಟವೆಲಿನಲ್ಲಿ ಸುತ್ತಿ ಹುರುಳಿ ಬಸ್ಸಾರು ತಂದಿದ್ದ.
ಸಿಸ್ಟರ್ ಗದರಿದಳು, ನಾನೂ ದನಿಗೂಡಿಸಿದೆ.
'ತಿನ್ನಕ್ಕಲ್ಲ ಸಾ, ವಾಸ್ನೆಗೆ,' ಅಂದ.
ಮುಚ್ಚಳ ಓರೆ ಮಾಡಿ ಹಿಡಿದ.
ಆಕೆ ಕಣ್ಣು ಬಿಡಲಿಲ್ಲ,
'ಉಪ್ಪು ಕಮ್ಮಿ ಆಗದೆ' ಅಂದಳು.

ಎಕ್ಸ್‌ರೇಗೆ ಬಾಣ ಎಡಕ್ಕೆ. ಹೆರಿಗೆಗೆ ಬಾಣ ನೇರ.
ಶವಾಗಾರಕ್ಕೆ?
ಆ ಮಾತನ್ನು ಇದುವರೆಗೆ ಯಾರೂ ನನ್ನ ಕಿಟಕಿಯಲ್ಲಿ ಆಡಿಲ್ಲ.
'ಸಾ, ಆ ಕಡೀಕೆ ಹೆಂಗೋಗದು' ಅನ್ನುತ್ತಾರೆ,
ಕೈಯಲ್ಲಿ ಹಳದಿ ಕಾಗದ.
'ಊಟಕ್ಕೆ ಹೋಗಿದ್ದಾರೆ' ಹಲಗೆ ನೇತುಹಾಕಿ
ಜೊತೆಗೆ ನಡೆಯುತ್ತೇನೆ, ಬೇವಿನ ಮರದ ತನಕ.
ಹೀಗಾಗಿ ನನ್ನ ಮೇಲೆ ಎರಡು ದೂರಿವೆ:
ಈ ಮನುಷ್ಯ ದಿನಕ್ಕೆ ನಾಲ್ಕು ಸಲ ಉಣ್ಣುತ್ತಾನೆ.

ಕರಡು ಮೂರು ಪುಟವಾಯಿತು.
ಸೋಮವಾರ ಇನಾಯತ್ ಬಂದ, ಟೇಪು ಹಿಡಿದ.
ನಾಲ್ಕಡಿ, ಮೂರಡಿ. ವಯಸ್ಸಾದವರಿಗೆ ಕಾಣಬೇಕಾದರೆ
ಏಳು ಸಾಲು ಸಾರ್, ಅದಕ್ಕಿಂತ ಜಾಸ್ತಿ ಹಿಡಿಯಲ್ಲ.
'ಉಗುಳಬೇಡಿ'ಗೆ ಅವನಲ್ಲಿ ಅಚ್ಚಿತ್ತು,
ಅದನ್ನು ಪುಕ್ಕಟೆ ಹೊಡೆದುಕೊಟ್ಟ.
ಉಳಿದ ಆರು ಆರಿಸುವಷ್ಟರಲ್ಲಿ ಹನ್ನೊಂದಾಯಿತು.

ನೀಲಿಯ ಮೇಲೆ ಬಿಳಿ. 'ಚೀಟಿ ಮಾಡಿಸುವ ಸ್ಥಳ' ಮುಗಿಯಿತು,
ಅಕ್ಷರ ಇನ್ನೂ ಹಸಿ.
ಸರಿಯಾಗಿ ಅದರ ಕೆಳಗೆ ಬಂದು ನಿಂತಳು ಒಬ್ಬಳು,
ಸೊಂಟದಲ್ಲಿ ಮಗು, ಮಗುವಿನ ಕಾಲಿಗೆ ಸೀರೆಯ ಬಟ್ಟೆ.
'ಅಣ್ಣ, ಚೀಟಿ ಎಲ್ ಮಾಡ್ಸದು?'
ನಾನು ಬೋರ್ಡಿನ ಕಡೆ ಕೈಯೆತ್ತಿದೆ.
ಏಣಿಯ ಮೇಲಿಂದ ಇನಾಯತ್ ಅಂದ,
'ಒಂದ್ನೇ ಕಿಟ್ಕಿ ಅಕ್ಕ. ಮೊದ್ಲು ಮಗೂನ ಕೂರ್ಸು.
ಕಾರ್ಡು ಕೊಡಿಲ್ಲಿ, ಜೆರಾಕ್ಸ್ ನಾನ್ ತರ್ತೀನಿ,
ಹೆಂಗಿದ್ರೂ ಟರ್ಪೆಂಟೈನ್ ತರ್ಬೇಕು.'

ಇಳಿದು ಹೋದ.
ನಾಲ್ಕನೇ ಸಾಲಿನಲ್ಲಿ 'ಬಿಸಿನೀ' ಅಂತ ನಿಂತಿತ್ತು.