ಹಿಂದಿನ ಬೆರಳು

ಪರದೇಶದ ಗಿಡ. ಹೆಸರು ಮಾತ್ರ ನಮ್ಮದು: ಬಳ್ಳಾರಿ ಜಾಲಿ.
ಯಾವ ಜಿಲ್ಲೆಗೆ ಹೋದರೂ ಜನ ಅದನ್ನು ಬೈಯುವುದು
ನಮ್ಮೂರ ಹೆಸರು ಹಿಡಿದೇ.

ಸಿರುಗುಪ್ಪದ ಆಚೆ, ಹಗರಿಯ ದಂಡೆ ಬಿಟ್ಟು
ಭತ್ತದ ಗದ್ದೆ ಬಂದು ನಿಂತ ಗೆರೆಯಿಂದ ಆ ಕಡೆ
ಒಂದು ಹರದಾರಿ ಎರೆಭೂಮಿ.
ಹಳೆಯ ನಕ್ಷೆಯಲ್ಲಿ ಅದು ಪಾಳು.
ಪಾಳನ್ನು ಕಾಯುವುದು ನನ್ನ ದಿನಗೂಲಿ.

ಏಳನೇ ಕ್ಲಾಸಿನಲ್ಲಿ ನಾವೇ ಹಚ್ಚಿದ್ದೆವು.
ಸಾಲಿಗೆ ಇಪ್ಪತ್ತು ಗುಣಿ, ಗುಣಿಗೊಂದು ಸಸಿ.
"ಬರೇ ಹುಲ್ಲಿರೋ ಜಾಗ ಬಂಜರು, ಮಕ್ಕಳೇ,
ಹಸಿರು ಮಾಡಬೇಕು" ಎಂದಿದ್ದರು ಮೇಷ್ಟ್ರು.
ಹುಲ್ಲು ಯಾವ ಬಣ್ಣವೆಂದು ನಾವ್ಯಾರೂ ಕೇಳಲಿಲ್ಲ.
ಲಾಡು ಕೊಟ್ಟರು. ತಿಂದೆವು.

ಈಗ ಅದೇ ಗುಣಿಗಳಿಗೆ ಹಾರೆ ಹಾಕಿ
ಬೇರು ಮೀಟುತ್ತೇನೆ.
ಒಂದು ಕೈ ಕಡಿದರೆ ಹತ್ತು ಕೈ.
ನೆಲದ ಕೆಳಗೆ ಒಂದು ಗಂಟಿದೆ, ತಲೆಯಷ್ಟು;
ಅದನ್ನು ಕೀಳಬೇಕು.
ಚಪ್ಪಲಿಯ ಅಟ್ಟೆ ದಾಟಿ ಬಂದ ಮುಳ್ಳೊಂದು
ಹಿಮ್ಮಡಿಯೊಳಗೆ ಮುರಿದು ಮೂರು ವರ್ಷ;
ಅಮಾವಾಸ್ಯೆಗೊಮ್ಮೆ ಮಾತಾಡುತ್ತದೆ.

ತಾಯಮ್ಮ ದಿನಾ ಬರುತ್ತಾಳೆ, ಸಿಂಬಿ ಸುತ್ತಿಕೊಂಡು.
"ಎಲ್ಲಾ ಕಿತ್ತು ಹಾಕು. ಆಮ್ಯಾಲೆ ನನ್ನ ಒಲೀಗೆ
ನಿನ್ನ ಹಕ್ಕಿ ರೆಕ್ಕಿ ಹಾಕ್ಲೇನು?"
ಇದರ ಇದ್ದಿಲು ಮಾರಿಯೇ
ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದಾಕೆ.
ನನ್ನ ಹತ್ತಿರ ಉತ್ತರವಿಲ್ಲ.
ಗಂಟುಗಳನ್ನು ಅವಳ ಹೊರೆಗೇರಿಸುತ್ತೇನೆ.
ಚೆನ್ನಾಗಿ ಉರಿಯುತ್ತವೆ ಅವು, ಬೆಳತನಕ.

ಮೊದಲ ವರ್ಷ ಬಂದದ್ದು ಬರೀ ಬಿರುಕು.
ಎರಡನೆಯ ವರ್ಷ, ಎಲ್ಲಿ ಅಡಗಿತ್ತೋ, ಕರಡ,
ತೆನೆಬಿಟ್ಟ ಹಂಚಿ,
ಧೋತರಕ್ಕೆ ಅಂಟುವ ಉತ್ತರಾಣಿ.
ಯಾರೂ ಬಿತ್ತಲಿಲ್ಲ. ಯಾರೂ ಲಾಡು ಹಂಚಲಿಲ್ಲ.
ಹುಲ್ಲಿನ ಹಿಂದೆ ಮಿಡತೆ, ಮಿಡತೆಯ ಹಿಂದೆ ಗೌಜಿಗ,
ಗೌಜಿಗನ ಹಿಂದೆ ಒಂದು ನರಿ;
ನನ್ನ ಬುತ್ತಿಯ ಹಿಂದೆಯೂ ಅದೇ ನರಿ.
ಚಿಗರಿಗಳು ಏಳಿದ್ದವು. ಈ ತಿಂಗಳು ಹನ್ನೊಂದು.

ಆದರೆ ರಿಜಿಸ್ಟರಿನ ಮೊದಲ ಕಾಲಂ ಇವಕ್ಕಲ್ಲ.
ಸಾಹೇಬರು ಅಲ್ಲಿ ಹೆಬ್ಬಕ ಎಂದು ಬರೆಸಿದ್ದಾರೆ.
ನಮ್ಮಜ್ಜ ಎರೆಭೂತ ಅನ್ನುತ್ತಿದ್ದ:
ಜೋಳದ ಹೊಲದಂಚಿಗೆ ಮನುಷ್ಯನ ಹಾಗೆ ನಿಂತು
ಏನೋ ನೆನಪಾದಂತೆ ನಡೆದು ಹೋಗುವ ಹಕ್ಕಿ;
ವರ್ಷಕ್ಕೆ ಒಂದೇ ಮೊಟ್ಟೆ,
ಗೂಡಿಲ್ಲ, ಕಡ್ಡಿಯಿಲ್ಲ, ಬರಿಯ ನೆಲದ ಮೇಲೆ.
ನೆಲವನ್ನು ಅಷ್ಟು ನಂಬಿದ ಜೀವ.
ನಲವತ್ತೊಂದು ತಿಂಗಳು ಆ ಕಾಲಮಿನಲ್ಲಿ ಸೊನ್ನೆ ಬರೆದಿದ್ದೇನೆ.
ಬರೆದು ಬರೆದು ನನ್ನ ಸೊನ್ನೆ
ಬಹಳ ದುಂಡಗಾಗಿದೆ.

ನಿನ್ನೆ ರಾತ್ರಿ ಒಂದು ಹದ ಮಳೆ.
ಬೆಳಿಗ್ಗೆ ಹಸಿ ಎರೆಯ ಮೇಲೆ,
ಗಂಟು ಕಿತ್ತ ಗುಣಿಯ ಬದಿಗೆ,
ಒಂದು ಹೆಜ್ಜೆ.
ಮೂರು ಬೆರಳು, ದಪ್ಪ, ಅಂಗೈಯಗಲ.
ಮೊಣಕಾಲೂರಿದೆ.
ನವಿಲಾದರೆ ಹಿಂದೊಂದು ಬೆರಳಿರುತ್ತದೆ.
ಎರೆಭೂತಕ್ಕೆ ಇರುವುದಿಲ್ಲ.
ನೋಡಬೇಕಾದದ್ದು ಅಷ್ಟೇ.

ಸರಿಯಾಗಿ ಆ ಜಾಗದ ಮೇಲೆ
ಹುಸೇನಪ್ಪನ ಕುರಿಯೊಂದು ಗೊರಸಿಟ್ಟು ಹೋಗಿತ್ತು.

ಮುಂದಿನ ಹೆಜ್ಜೆ ಹುಲ್ಲಿನೊಳಗೆ.
ಹುಲ್ಲು ಹೇಳುವುದಿಲ್ಲ.

ಬುತ್ತಿಯ ಗಂಗಾಳ ಮಗುಚಿ ಅದರ ಮೇಲೆ ಮುಚ್ಚಿ
ರೊಟ್ಟಿಯನ್ನು ಕೈಯಲ್ಲೇ ಹಿಡಿದು ತಿಂದೆ.
ತಾಯಮ್ಮ ಬಂದಳು, ಗಂಗಾಳ ಎತ್ತಿ ಬಗ್ಗಿ ನೋಡಿದಳು.
"ಕೋಳಿಮರಿ ಮುಚ್ಚಿದಾಂಗ ಮುಚ್ಚೀಯಲ್ಲೋ" ಎಂದು ನಕ್ಕಳು.
ಮತ್ತೆ ಹಾಗೇ ಮುಚ್ಚಿದಳು.
ಹೊರೆ ಹೊತ್ತು ಹೋಗುವಾಗ, ಯಾಕೋ,
ಅಷ್ಟು ದೂರ ಸುತ್ತು ಹಾಕಿ ಹೋದಳು.

ಸಂಜೆ ರಿಜಿಸ್ಟರು ತೆರೆದೆ.
ಮೊದಲ ಕಾಲಮಿನಲ್ಲಿ ಪೆನ್ನು ಊರಿದೆ.
ಒಂದು ಚುಕ್ಕಿ ಮೂಡಿತು.
ಅದು ಸೊನ್ನೆಯಾಗಲು ಬಿಡದೆ ಕೈ ತೆಗೆದೆ.
ಕೆಳಗೆ ಬರೆದೆ: ಚಿಗರಿ ಹನ್ನೊಂದು. ನರಿ ಒಂದು.
ಮಳೆ, ಒಂದು ಹದ.