ಹುಲಿ ಮೂರು, ಕುರಿ ಹದಿನೈದು

ಆದವಾನಿ ಕೋಟೆಯ ಎರಡನೇ ಬಾಗಿಲ ಒಳಗೆ
ಕಾವಲಿನವರು ಕೂರುತ್ತಿದ್ದ ಕಟ್ಟೆಯ ಮೇಲೆ
ಯಾರೋ ಬೇಸರಕ್ಕೆ ಉಳಿ ಹಿಡಿದು ಕೊರೆದ ಹುಲಿ-ಕುರಿ ಮನೆ.
ಕೊರೆದವನ ಹೆಸರಿಲ್ಲ. ಒಂದು ಗೆರೆ ಮಾತ್ರ ಸೊಟ್ಟ.

ಭಾನುವಾರ ಜಿನ್ನಿಂಗ್ ಮಿಲ್ಲಿಗೆ ರಜೆ.
ನಾನು ಜೇಬಲ್ಲಿ ಒಂದು ಹಿಡಿ ಹತ್ತಿಬೀಜ ತರುತ್ತೇನೆ, ಅವು ಕುರಿ.
ಹೊನ್ನೂರ್ ಸಾಬರು ಮೂರು ಕಬ್ಬಿಣದ ನಟ್ಟು ತರುತ್ತಾರೆ,
ತಾನು ಓಡಿಸಿದ ಟ್ಯಾಂಕಿನವಂತೆ. ನಾನು ನಂಬುವುದಿಲ್ಲ,
ಬಸ್ ಸ್ಟ್ಯಾಂಡಿನ ಪಂಕ್ಚರ್ ಅಂಗಡಿಯಲ್ಲೂ ಇಂಥವೇ ಸಿಗುತ್ತವೆ.

ಆಟಕ್ಕೆ ಮೊದಲು ಪಾಠ.
"ಈ ಬಾಗಿಲ ದಾರಿ ಯಾಕೆ ಡೊಂಕೈತೆ, ಹೇಳು?"
ಪ್ರತಿ ವಾರ ಕೇಳುತ್ತಾರೆ. ಪ್ರತಿ ವಾರ ಗೊತ್ತಿಲ್ಲ ಅನ್ನುತ್ತೇನೆ.
"ಆನೆಗೆ ಓಟ ಬೇಕಪ್ಪ. ಓಟ ಸಿಕ್ಕರೆ ಆನೆ, ಸಿಗದಿದ್ದರೆ ಎಮ್ಮೆ.
ಇಲ್ಲಿ ತಿರುಗಬೇಕು. ತಿರುಗುವಾಗ ಪಕ್ಕೆ ಕಾಣುತ್ತೆ.
ಪಕ್ಕೆ ತೋರಿಸಿದವ ಕೆಟ್ಟ.
ನಮ್ಮ ಟ್ಯಾಂಕಿಗೂ ಅದೇ ಮಾತು, ಪಕ್ಕೆ ತೆಳ್ಳಗೆ."

ಆನೆ ತಿರುಗುವಷ್ಟರಲ್ಲಿ ಕುದುರೆ ಬಂತು.
ಸವಾರ ಬಾಣ ಬಿಟ್ಟು, ಸೋತವನ ಹಾಗೆ ಬೆನ್ನು ತೋರಿಸಿ ಓಡಿ,
ಗೆದ್ದೆವೆಂದು ಅಟ್ಟಿಸಿ ಬಂದವರನ್ನೆಲ್ಲ ಹಳ್ಳಕ್ಕೆ ಇಳಿಸಿದ.
ಆಮೇಲೆ ತೋಪು. ಅದನ್ನೆಳೆಯಲು ಎತ್ತು,
ಎತ್ತಿಗೆ ಮೇವು, ಮೇವಿಗೆ ಬಂಡಿ,
ಬಂಡಿಗೆ ಮತ್ತೆ ಎತ್ತು, ಆ ಎತ್ತಿಗೆ ಮತ್ತೆ ಮೇವು.
ಬೆರಳು ಮಡಚುತ್ತ ಮಡಚುತ್ತ ಸಾಬರ ಕೈ ಮುಷ್ಟಿಯಾಗುತ್ತದೆ.
"ಯುದ್ಧ ಅಂದರೆ ಅರ್ಧ ಜೋಳದ ಸೊಪ್ಪೆ, ತಿಳೀತಾ?
ಮೇಲೆ ಒಂದು ಮಳೆ ಬಿದ್ದರೆ ಮುಗೀತು,
ನಮ್ಮ ಎರೆಮಣ್ಣು ಯಾವ ರಾಜನ ಕಡೇನೂ ಅಲ್ಲ."

ಇವತ್ತು ಅವರ ಹುಲಿ ಬೇಗ ಎರಡು ಕುರಿ ತಿಂದವು.
ಮೂರನೆಯದನ್ನು ನಾನು ಅಂಚಿನಲ್ಲಿ ಒಂಟಿಯಾಗಿಟ್ಟೆ.
ನಟ್ಟು ಟಣ್ಣನೆ ಹಾರಿತು, ತಿಂದಿತು,
ಹಿಂದಿನ ದಾರಿಗೆ ನಾನೊಂದು ಬೀಜ ಸರಿಸಿದೆ.
ಹುಲಿ ಕಟ್ಟಿತು.

ಸಾಬರು ಬೀಡಿ ಹಚ್ಚಲಿಲ್ಲ.
"ಅದನ್ನ ಬೇಕಂತಲೇ ಬಿಟ್ಟೆಯಾ?"
"ಹೂಂ."

"ಎಪ್ಪತ್ತೊಂದರ ಡಿಸೆಂಬರು. ನಾವು ನಾಲ್ಕು ಗಾಡಿ
ಬಲಕ್ಕೆ ದೊಡ್ಡ ಸುತ್ತು ಹೊಡೆದು ಹಿಂದಿಂದ ಬೀಳೋದು.
ಒಂದು ಗಾಡಿ ಎದುರಿಗೇ, ಕಬ್ಬಿನ ಹೊಲದ ಬದುವಲ್ಲಿ,
ಗುಂಡು ಹಾರಿಸ್ತಾ ನಿಲ್ಲೋದು, ಅವರು ಅದನ್ನೇ ನೋಡ್ತಿರಲಿ ಅಂತ.
ಅದರೊಳಗೆ ಕನ್ನಿಯಪ್ಪನ್ ಇದ್ದ. ವೇಲೂರಿನವ.
ಊರಿಂದ ಹುಣಿಸೆಹಣ್ಣು ತರಿಸಿ ಉಪ್ಪು ಹಚ್ಚಿ ಚೀಪೋನು.

ನಾವು ಸುತ್ತಿ ಬಂದದ್ದನ್ನ ನಕ್ಷೆಯಲ್ಲಿ ಬಾಣ ಹಾಕಿ ತೋರಿಸ್ತಾರೆ.
ಚಂದ ಬಾಣ, ಕೆಂಪಗೆ, ಬಿಲ್ಲಿನ ಹಾಗೆ ಬಾಗಿದ್ದು.
ನಿಂತದ್ದಕ್ಕೆ ಬಾಣ ಇರೋದಿಲ್ಲ."

ಅಷ್ಟರಲ್ಲಿ ಬುರುಜಿನ ಆಚೆಯಿಂದ ಜೇನಿನ ಸದ್ದು.
ಗುಂತಕಲ್ಲಿನ ಯಾರೋ ಮದುವೆಗೆ ಮುಂಚಿನ ಫೋಟೋಗೆ ಬಂದಿದ್ದಾರೆ,
ಬಾಡಿಗೆ ಗೌನು, ಬಾಡಿಗೆ ಸೂಟು, ಮೇಲೊಂದು ಡ್ರೋನು.
ಸಾಬರು ತಲೆಯೆತ್ತಲಿಲ್ಲ. ಹೆಗಲ ಟವೆಲ್ಲು ತೆಗೆದು
ಆಟದ ಮನೆಯ ಮೇಲೆ ಪೂರ್ತಿ ಹೊದಿಸಿದರು.
"ಮಾವಾ, ಅದು ಮದುವೇದು," ಅಂದೆ.
"ಇರಲಿ."
ಡೊಂಕು ಬಾಗಿಲ ಮೇಲೆ ಅದು ನೆಟ್ಟಗೆ ಹಾದುಹೋಯಿತು,
ಎಲ್ಲೂ ತಿರುಗಲಿಲ್ಲ.

ಸದ್ದು ಅಡಗಿದ ಮೇಲೆ ಟವೆಲ್ಲು ಎತ್ತಿದರು.
ನಟ್ಟುಗಳು ಇದ್ದಲ್ಲೇ ಇದ್ದವು.
ಜುಂಗಿನ ಬೀಜ ಎರಡು ಬಟ್ಟೆಗೆ ಅಂಟಿಕೊಂಡು ಬಂದಿದ್ದವು.
ಯಾವ ಮನೆಯವು ಎಂದು
ಇಬ್ಬರಿಗೂ ನೆನಪಾಗಲಿಲ್ಲ.