ಮೇಜಿನ ಅಡಿಯ ಹಾಜರಿ

ಗ್ರಿಮ್ಸ್‌ಬಿಯಲ್ಲಿ ಜನವರಿಯ ಏಳು ಗಂಟೆಗೆ ಇನ್ನೂ ಕತ್ತಲು.
ಮೊದಲ ಬಸ್ಸು ಬಂದರಿನ ಮೀನುವಾಸನೆಯನ್ನು
ಟಿಕೆಟ್ಟಿಲ್ಲದೆ ಹತ್ತಿಸಿಕೊಂಡು ಬರುತ್ತದೆ.
ನನ್ನ ಚೀಲದಲ್ಲಿ ಎಪ್ಪತ್ತು ದಿನದ ಫೀಲ್ಡ್‌ವರ್ಕ್ ಡೈರಿ,
ಎರಡು ಸ್ಯಾಂಡ್‌ವಿಚ್, ಕಿವಿ ಮಡಿಚಿದ ಪಠ್ಯಪುಸ್ತಕ.
ಮಡಿಚಿದ ಪುಟ ಹೇಳುತ್ತದೆ:
ಮೌನವನ್ನು ತುಂಬಲು ಅವಸರ ಮಾಡಬೇಡಿ.
ಬರೆದ ಪುಣ್ಯಾತ್ಮರು
ಇಲ್ಲಿಯ ಮಂಗಳವಾರದ ಮೌನದಲ್ಲಿ ಕೂತವರಲ್ಲ.

ಒಂದು ಕಾಲಕ್ಕೆ ಬಲೆ ರಾಶಿ ಹಾಕುತ್ತಿದ್ದ ಉಗ್ರಾಣ,
ಈಗ ಶಾಲೆಗಳು ಹೊರಗಟ್ಟಿದ ಮಕ್ಕಳ ಕೇಂದ್ರ.
ಪಟ್ಟಿಯಲ್ಲಿ ಒಂಬತ್ತು ಮಂದಿ, ಬರುವವರು ಐವರು,
ಹಿಮ ಬಿದ್ದರೆ ಏಳು –
ಕೇಳದೆ ಉರಿಯುವ ಹೀಟರ್ ಇರುವುದು ಇಲ್ಲಷ್ಟೇ.

ರೋಕಸ್, ಹದಿನೈದು. ಲಿಥುವೇನಿಯಾದಿಂದ ಬಂದಾಗ ಆರು.
ತಾಯಿ ರಾತ್ರಿ ಪಾಳಿಯಲ್ಲಿ ಕಾಡ್ ಮೀನಿನ ಮುಳ್ಳು ತೆಗೆಯುತ್ತಾಳೆ,
ಮಗ ಹಗಲು ಪಾಳಿಯಲ್ಲಿ ತುಟಿ ಬಿಚ್ಚುವುದಿಲ್ಲ.
ಮೂರು ವಾರ ಒಂದೇ ಸೈಕಲ್ಲಿನ ಒಂದೇ ಚೈನು
ಬಿಚ್ಚಿದ, ಜೋಡಿಸಿದ, ಬಿಚ್ಚಿದ.
ನಾನು ಪಕ್ಕದಲ್ಲಿ, ಎಣ್ಣೆಡಬ್ಬಿ ಹಿಡಿದು.
ನಾಲ್ಕನೇ ವಾರ ಅಂದ: "ಡಬ್ಬಿ ತಲೆಕೆಳಗಾಗಿದೆ."
ಡೈರಿಯಲ್ಲಿ ಬರೆದೆ: ಸಂಬಂಧ ಕುದುರುತ್ತಿದೆ.
ಷೂ ತುಂಬ ಎಣ್ಣೆ.

ಟ್ಯಾಮ್ಸಿನ್ ಹಾಗಲ್ಲ. ನನ್ನ ಪ್ರಶ್ನೆಗಳನ್ನೆಲ್ಲ ತಿರುಗಿಸಿ
ನನ್ನ ಮಡಿಲಿಗೇ ಹಾಕುತ್ತಾಳೆ.
"ನಿಮ್ಮಪ್ಪ ಕುಡೀತಾರಾ?
ನೀನು ಕೊನೇ ಸಲ ಅತ್ತಿದ್ದು ಯಾವಾಗ?
ಇದಕ್ಕೆಲ್ಲ ಸಂಬಳ ಎಷ್ಟು?"
ಸಂಬಳವಿಲ್ಲ, ಅಂದೆ. ಓದಿನ ಭಾಗ.
"ಓ," ಗಮ್ಮನ್ನು ಆಚೆ ದವಡೆಗೆ ಸರಿಸಿದಳು,
"ಅಂದ್ರೆ ನಾವು ನಿನ್ನ ಹೋಮ್‌ವರ್ಕು."

ಫೆಬ್ರವರಿಯ ಕೊನೆಗೆ ಒಂದು ದಿನ,
ಹೀಟರ್ ಧಗಧಗ ಉರಿದರೂ
ಅವಳ ಸ್ವೆಟರಿನ ತೋಳು ಬೆರಳ ತುದಿಯವರೆಗೆ.
"ಯಾರಿಗೂ ಹೇಳಲ್ಲ ಅಂತ ಮಾತು ಕೊಡು."
ಇದಕ್ಕೂ ಪುಸ್ತಕದಲ್ಲೊಂದು ವಾಕ್ಯವಿದೆ, ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ.
ಹೇಳಿದೆ: ಕೆಲವನ್ನು ನಾನೊಬ್ಬಳೇ ಇಟ್ಟುಕೊಳ್ಳಲಾಗದು.
ವಾಕ್ಯ ಮುಗಿಯುವ ಮೊದಲೇ ಅವಳ ಮುಖ
ಸಂಜೆಯ ಅಂಗಡಿಯ ಷಟರ್.
ಆದರೂ ತೋರಿಸಿದಳು.
ಅದೇ ನನಗಿನ್ನೂ ಅರ್ಥವಾಗದ್ದು.

ಆಕ್ಸ್‌ಟಬಿ ಮೇಡಂ ಫೋನು ಮಾಡಿದರು, ಯಾರೋ ಯಾರಿಗೋ ಬರೆದರು,
ನೀಲಿ ಕಾರೊಂದು ಅವಳ ಬೀದಿಗೆ ಹೋಯಿತು.
"ಸರಿಯಾದದ್ದನ್ನೇ ಮಾಡಿದೆ, ಎಫಿ. ನಿನಗೆ ಏನನ್ನಿಸಿತು?"
ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ
ಎರಡು ಪುಟ ಬರೆದು ಕೊಟ್ಟೆ.
ಒಳಗಿದ್ದದ್ದು ಮೂರೇ ಪದ:
ಅವಳು ಇವತ್ತೂ ಬರಲಿಲ್ಲ.

ಹನ್ನೆರಡನೇ ದಿನ ಬಂದಳು.
ನನ್ನ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ತಿಂದಳು, ಕೇಳದೆ.
ಮಾತಿಲ್ಲ. ನಾನೂ ತುಂಬಲು ಹೋಗಲಿಲ್ಲ.
ಪುಸ್ತಕ ಗೆದ್ದಿತು ಅನ್ನಬೇಡಿ,
ನನಗೆ ಮಾತೇ ಹೊಳೆಯಲಿಲ್ಲ.

ಎಪ್ಪತ್ತನೇ ದಿನ ಪೆನ್ನು ಬಿತ್ತು.
ಹುಡುಕಲು ಮೇಜಿನ ಅಡಿಗೆ ತೂರಿದೆ.
ತಲೆಯ ಮೇಲೆ, ಒಣಗಿದ ಗಮ್ಮುಗಳ ನಡುವೆ,
ಕೈವಾರದ ಮೊನೆಯಲ್ಲಿ ಕೆತ್ತಿದ ಹಾಜರಿಪುಸ್ತಕ:

ಗ್ರೆಗರ್. ಸೆಪ್ಟೆಂಬರಿಂದ ಕ್ರಿಸ್ಮಸ್. ಸೇಬು ತರ್ತಿದ್ದ. ಪಾಸ್.
ಹನಾನ್. ಐದು ವಾರ. ನಮಗಿಂತ ಜಾಸ್ತಿ ಅತ್ತಳು. ಪಾಸ್.
ಕೆಂಪು ಕೂದಲಿನವನು. ಎರಡು ದಿನ.
ಎಫಿ. ಜನವರಿ ಎಂಟು, ಒಂದು ಅಡ್ಡಗೆರೆ,
ಆಮೇಲೆ ಖಾಲಿ ಮರ.
ಅದರ ಕೆಳಗೆ: ಚಾಡಿಕೋರಿ.
ಆ ಪದದ ಮೇಲೊಂದು ಗೀಟು,
ಪದ ಓದಲು ಬರುವಷ್ಟು ತೆಳ್ಳಗೆ.

ಪೆನ್ನು ಸಿಕ್ಕಿತ್ತು.
ಹೊರಡುವ ತಾರೀಕು ನಾನೇ ಬರೆಯಬಹುದಿತ್ತು.
ಏಳುವಾಗ ಮೇಜಿಗೆ ತಲೆ ಬಡಿಯಿತು,
ರೋಕಸ್ ನಕ್ಕ, ಹಲ್ಲು ಕಾಣುವಂತೆ, ಮೊದಲ ಸಲ.
ಟ್ಯಾಮ್ಸಿನ್ ನಗಲಿಲ್ಲ.
ಹೀಟರಿನ ಕಡೆ ತಿರುಗಿ ಕೂತಿದ್ದಳು,
ಒಂದು ತೋಳು ಮಾತ್ರ ಮಡಿಸಿ.